ಬೆರಳ ಸನ್ನೆಯನ್ನು ಓದುವ ಗಣಕಯಂತ್ರ



ಕೀಲಿಮಣೆ, ಮೌಸ್, ಗಾಜಿನ ಪರದೆ ಇವುಗಳ ಮೂಲಕ ನಾವು ಗಣಕಯಂತ್ರಕ್ಕೆ ಆಜ್ಞೆ ಕೊಡುತ್ತೇವೆ. ಆದರೆ ಮನುಷ್ಯರೊಡನೆ ಮಾತನಾಡುವಾಗ ಕೈಸನ್ನೆಯನ್ನೂ ಬಳಸುತ್ತೇವೆ. ಈ ಸನ್ನೆಯನ್ನು ಯಂತ್ರವೂ ಅರಿಯುವಂತೆ ಮಾಡಬಹುದೆ?

ಗುಜರಾತಿನ ಪಾಲನ್‌ಪುರದ ಪ್ರಣವ್ ಮಿಸ್ತ್ರಿ ಇದಕ್ಕೊಂದು ಉತ್ತರ ಕಂಡರು. ಅಮೆರಿಕದ ಎಂ.ಐ.ಟಿ.ಯಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಅವರು ರಚಿಸಿದ ಸಾಧನದ ಹೆಸರು 'ಸಿಕ್ಸ್ತ್ ಸೆನ್ಸ್', ಅಂದರೆ ಆರನೆಯ ಇಂದ್ರಿಯ. 2009ರ ನವೆಂಬರಿನಲ್ಲಿ ಮೈಸೂರಿನಲ್ಲಿ ನಡೆದ ಟೆಡ್ ಇಂಡಿಯಾ ಸಮ್ಮೇಳನದಲ್ಲಿ ಅವರು ಅದನ್ನು ವಿವರಿಸಿದರು. ಹಳೆಯ ಮೌಸುಗಳನ್ನು ಬಿಚ್ಚಿ, ಒಳಗಿನ ಉರುಳೆಗಳಿಂದ ಸನ್ನೆ ತಿಳಿಯುವ ಸಾಧನ ಮಾಡಿದ್ದೇ ತಮ್ಮ ಮೊದಲ ಪ್ರಯೋಗಗಳಲ್ಲೊಂದು ಎಂದು ಅಲ್ಲಿ ಹೇಳಿದರು.

ಇದರ ಅಂಗಗಳು ಸರಳವಾದವು. ಕೊರಳಲ್ಲಿ ಪದಕದಂತೆ ತೂಗುವ ಕ್ಯಾಮೆರಾ, ಪುಟ್ಟ ಪ್ರೊಜೆಕ್ಟರ್, ಒಂದು ಕನ್ನಡಿ. ಜೇಬಿನಲ್ಲಿ ಚಿಕ್ಕ ಗಣಕ. ಎರಡೂ ಕೈಗಳ ಹೆಬ್ಬೆರಳು ಮತ್ತು ತೋರುಬೆರಳುಗಳ ತುದಿಗೆ ನಾಲ್ಕು ಬಣ್ಣದ ಟೊಪ್ಪಿಗೆಗಳು.

ಕ್ಯಾಮೆರಾ ಒಂದೇ ಸೆಕೆಂಡಿನಲ್ಲಿ ಹಲವು ಚಿತ್ರಗಳನ್ನು ತೆಗೆಯುತ್ತದೆ. ನೂರಾರು ವಸ್ತುಗಳ ನಡುವೆ ಬೆರಳನ್ನು ಗುರುತಿಸುವುದು ಯಂತ್ರಕ್ಕೆ ಕಷ್ಟ. ಎದ್ದು ಕಾಣುವ ಬಣ್ಣವನ್ನು ಗುರುತಿಸುವುದು ಸುಲಭ. ಆದ್ದರಿಂದ ಗಣಕವು ಪ್ರತಿ ಚಿತ್ರದಲ್ಲೂ ಆ ಬಣ್ಣದ ಸ್ಥಾನವನ್ನು ಗುರುತಿಸಿ, ಸ್ಥಾನಗಳನ್ನು ಜೋಡಿಸಿ ಬೆರಳು ನಡೆದ ದಾರಿಯನ್ನು ತಿಳಿಯುತ್ತದೆ. ಮೊದಲೇ ಕಲಿಸಿದ ಸನ್ನೆಯೊಡನೆ ಅದು ಹೊಂದಿದರೆ ಕೆಲಸ ನಡೆಯುತ್ತದೆ. ಬೆರಳುಗಳಿಂದ ಚೌಕಟ್ಟು ಮಾಡಿದರೆ ಛಾಯಾಚಿತ್ರ. ಮಣಿಕಟ್ಟಿನ ಮೇಲೆ ವೃತ್ತ ಬರೆದರೆ ಅಲ್ಲಿಯೇ ಬೆಳಕಿನ ಗಡಿಯಾರ! ಆದರೆ ಅದೇ ಬಣ್ಣದ ಬೇರೆ ವಸ್ತು ಎದುರಾದರೆ ಯಂತ್ರ ಮೋಸಹೋಗಬಹುದು. ಹಗಲ ಬಿಸಿಲಿನಲ್ಲಿ ಪ್ರೊಜೆಕ್ಟರಿನ ಚಿತ್ರವೂ ಮಂಕಾಗುತ್ತದೆ.

ಇದಕ್ಕೂ ಮೊದಲು, 1980ರ ದಶಕದಲ್ಲಿಯೇ, ಕೆನಡಾದ ಸ್ಟೀವ್ ಮ್ಯಾನ್ ಗಣಕವನ್ನೂ ಕ್ಯಾಮೆರಾವನ್ನೂ ಮೈಮೇಲೆ ಧರಿಸಿ ಪ್ರಯೋಗ ನಡೆಸಿದ್ದರು. ಇಂದು ಕ್ಯಾಮೆರಾ ಅಡಗಿದ ಕನ್ನಡಕಗಳೇ ಮಾರಾಟಕ್ಕಿವೆ.

ಇಲ್ಲೊಂದು ಮಾತನ್ನು ಪಾಲಕರೂ ಮಕ್ಕಳೂ ಯೋಚಿಸಬೇಕು. ನಮ್ಮ ಕಣ್ಣು ಕಂಡದ್ದನ್ನು ಮರೆಯಬಲ್ಲುದು; ಕ್ಯಾಮೆರಾ ತೆಗೆದ ಚಿತ್ರ ಹಾಗೆಯೇ ಉಳಿಯಬಲ್ಲುದು. ಧರಿಸಿದವನ ಬೆರಳಿನೊಡನೆ ಎದುರಿಗಿರುವವರ ಮುಖವೂ ಅದರಲ್ಲಿ ಸೇರುತ್ತದೆ. ಅವರನ್ನು ಯಾರೂ ಕೇಳಿರುವುದಿಲ್ಲ. ಯಂತ್ರವನ್ನು ಧರಿಸುವವನು ಅದರ ಹೊಣೆಯನ್ನೂ ಧರಿಸಬೇಕು.

ಅಭ್ಯಾಸ: ಗೆಳೆಯನ ಬೆರಳಿಗೆ ಕೆಂಪು ಕಾಗದ ಸುತ್ತಿ, ಗಾಳಿಯಲ್ಲಿ ನಿಧಾನವಾಗಿ 'ಠ' ಬರೆಯಲು ಹೇಳಿರಿ. ನೀವು ಎಣಿಸುತ್ತ, ಪ್ರತಿ ಎಣಿಕೆಗೂ ಬೆರಳಿದ್ದ ಸ್ಥಾನವನ್ನು ಚೌಕುಳಿ ಹಾಳೆಯಲ್ಲಿ ಚುಕ್ಕಿಯಿಟ್ಟು ಗುರುತಿಸಿರಿ. ಚುಕ್ಕಿಗಳನ್ನು ಕ್ರಮವಾಗಿ ಸೇರಿಸಿರಿ. ಗಣಕ ಮಾಡುವುದೂ ಇದನ್ನೇ.