ಟಂಕಾರವಿಲ್ಲದ ಬಿಲ್ಲು

ಹೆದೆಯನ್ನು ಕಿವಿಯವರೆಗೆ ಸೆಳೆದು ಬಿಟ್ಟಾಗ ಹೊಮ್ಮುವ ಧ್ವನಿಗೆ ನಮ್ಮ ಕವಿಗಳು ಟಂಕಾರವೆಂದು ಹೆಸರಿಟ್ಟಿರುವರು. ಶತ್ರುವಿನ ಎದೆ ನಡುಗಿಸುವುದೇ ಅದರ ಕೆಲಸವಾದ್ದರಿಂದ ಅದು ಹೆಚ್ಚಿದಷ್ಟೂ ವೀರನಿಗೆ ಕೀರ್ತಿ. ಬೇಟೆಗಾರನ ಪಾಡು ಬೇರೆ. ಅವನಿಗೆ ಬೇಕಾದುದು ಮಾತನಾಡದ ಬಿಲ್ಲು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಮೃಗಗಳ ಬೇಟೆಯನ್ನು ನಿಷೇಧಿಸಿದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಾದರೋ ಪರವಾನಗಿ ಪಡೆದು, ಗೊತ್ತುಪಡಿಸಿದ ಋತುವಿನಲ್ಲಿ, ಬಿಲ್ಲುಬಾಣಗಳಿಂದ ಜಿಂಕೆಯನ್ನು ಬೇಟೆಯಾಡುವ ಪದ್ಧತಿ ಇಂದಿಗೂ ಉಂಟು. ಅಲ್ಲಿ ಬಳಕೆಯಲ್ಲಿರುವ ಬಿಲ್ಲುಗಳಲ್ಲಿ ಒಂದು ರಿಕರ್ವ್, ಎಂದರೆ ತುದಿಗಳು ಬಿಲ್ಲುಗಾರನಿಂದ ಆಚೆಗೆ ಮರುಬಾಗಿರುವ ಬಿಲ್ಲು. ಒಲಿಂಪಿಕ್ ಪಂದ್ಯಗಳಲ್ಲಿ ನಮ್ಮ ಸ್ಪರ್ಧಿಗಳು ಹಿಡಿಯುವುದೂ ಇದೇ ಜಾತಿಯದನ್ನು.

ಸದ್ದಿನಿಂದ ಆಗುವ ಕೆಡುಕೇನು? ಜಿಂಕೆಯು 20 ಮೀಟರು ದೂರದಲ್ಲಿ ನಿಂತಿದೆಯೆಂದೂ ಬಾಣದ ವೇಗ ಸೆಕೆಂಡಿಗೆ 50 ಮೀಟರು ಎಂದೂ ಇಟ್ಟುಕೊಳ್ಳೋಣ. ಬಾಣ ತಲಪಲು 0.40 ಸೆಕೆಂಡು ಬೇಕು. ಸೆಕೆಂಡಿಗೆ ಸುಮಾರು 340 ಮೀಟರು ಸಾಗುವ ಶಬ್ದಕ್ಕೆ 0.06 ಸೆಕೆಂಡು ಸಾಕು. ಬೆಚ್ಚಿದ ಜಿಂಕೆ ನೆಗೆಯುವ ಮುನ್ನ ಕಾಲುಗಳನ್ನು ಮಡಿಸಿ ಮೈಯನ್ನು ಕೆಳಕ್ಕೆ ಕುಸಿಸುತ್ತದೆ. ಬೆಚ್ಚುವುದಕ್ಕೆ 0.10 ಸೆಕೆಂಡು ಕಳೆದರೂ 0.24 ಸೆಕೆಂಡು ಉಳಿಯಿತು. ಕಾಲಿನ ಆಧಾರ ತಪ್ಪಿದ ದೇಹವು ಗುರುತ್ವಕ್ಕೆ ಒಳಗಾಗಿ ಅಷ್ಟು ಹೊತ್ತಿನಲ್ಲಿ 28 ಸೆಂಟಿಮೀಟರು ಬೀಳಬಲ್ಲುದು. ಹೃದಯಕ್ಕೆ ಇಟ್ಟ ಗುರಿ ಬೆನ್ನಿಗೆ ತಗಲುತ್ತದೆ; ಗಾಯಗೊಂಡ ಪ್ರಾಣಿ ಪೊದೆಯಲ್ಲಿ ಅಡಗಿ ಗಂಟೆಗಟ್ಟಲೆ ನರಳುತ್ತದೆ. ಕೊಲ್ಲುವವನಿಗೆ ಕ್ಷಣದಲ್ಲಿ ಕೊಲ್ಲುವ ಹೊಣೆಯಾದರೂ ಇರಬೇಕಷ್ಟೆ. ವೇಗದ ಬಾಣವನ್ನೇ ಬಿಡೋಣವೆಂದರೆ, ಸೆಕೆಂಡಿಗೆ 60 ಮೀಟರು ಹಾರುವ ಬಾಣಕ್ಕೂ ಮೃಗವು 15 ಸೆಂಟಿಮೀಟರಿನಷ್ಟು ಕುಸಿದಿರುತ್ತದೆ. ಮೊದಲಿನ ಬಾಣವನ್ನೇ 12 ಮೀಟರಿನಿಂದ ಬಿಟ್ಟರೆ ಕುಸಿತ ಸುಮಾರು 5 ಸೆಂಟಿಮೀಟರಿಗೆ ಇಳಿಯುತ್ತದೆ. ಹತ್ತಿರ ಹೋಗುವುದೇ ಮೊದಲ ಮದ್ದು. ಆದರೆ ಹತ್ತಿರ ಹೋದಷ್ಟೂ ಸದ್ದು ಜೋರಾಗಿ ಕೇಳಿಸುವುದರಿಂದ ಬಿಲ್ಲಿನ ಬಾಯಿ ಕಟ್ಟುವ ಕೆಲಸ ಹೇಗೂ ತಪ್ಪಿದ್ದಲ್ಲ.

ಸದ್ದು ಎಲ್ಲಿಂದ ಹುಟ್ಟುತ್ತದೆ? ಬಿಲ್ಲನ್ನು ಎಳೆದಾಗ ನಾವು ಮಾಡಿದ ಕೆಲಸವು ಅದರ ತೋಳುಗಳಲ್ಲಿ ಪ್ರಚ್ಛನ್ನ ಶಕ್ತಿಯಾಗಿ ಸಂಗ್ರಹವಾಗುತ್ತದೆ. ಹೆದೆ ಬಿಟ್ಟೊಡನೆ ಅದರ ಬಹುಭಾಗ ಬಾಣದ ಚಲನಶಕ್ತಿಯಾಗುತ್ತದೆ. ಎಲ್ಲವೂ ಆಗದು, ಏಕೆಂದರೆ ಬಾಣದೊಡನೆ ಹೆದೆಯೂ ತೋಳಿನ ತುದಿಗಳೂ ಓಡಬೇಕು. ಬಾಣ ಕಳಚಿಕೊಂಡ ಮೇಲೆ ಇವುಗಳಲ್ಲಿ ಉಳಿದ ಶಕ್ತಿ ಕಂಪನವಾಗಿ, ಅದರ ಒಂದು ಸಣ್ಣ ಪಾಲು ಶಬ್ದವಾಗಿ ಹೊರಬೀಳುತ್ತದೆ. ಅಮೆರಿಕದ ಭೌತವಿಜ್ಞಾನಿ ಪಾಲ್ ಕ್ಲಾಪ್‌ಸ್ಟೆಗ್ ಈ ಉಳಿಕೆಯನ್ನು ಲೆಕ್ಕಕ್ಕೆ ತರಲು ಒಂದು ಸೊಗಸಾದ ಉಪಾಯವನ್ನು ಕಂಡುಕೊಂಡರು. ಬಾಣದ ವೇಗದಲ್ಲೇ ಚಲಿಸುತ್ತ ಆ ಉಳಿಕೆ ಶಕ್ತಿಯನ್ನು ಹೊತ್ತ ಒಂದು ಕಾಲ್ಪನಿಕ ದ್ರವ್ಯರಾಶಿಯನ್ನು ಬಿಲ್ಲಿಗೆ ಆರೋಪಿಸುವುದೇ ಆ ಉಪಾಯ. ಬಾಣ ಯಾವುದೇ ಆಗಲಿ, ಒಂದು ಬಿಲ್ಲಿಗೆ ಇದು ಹೆಚ್ಚುಕಡಮೆ ಸ್ಥಿರ.

ಉದಾಹರಣೆಗೆ, ಬಿಲ್ಲಿನಲ್ಲಿ 50 ಜೂಲ್ ಶಕ್ತಿಯೂ ಅದರ ಕಾಲ್ಪನಿಕ ದ್ರವ್ಯರಾಶಿ 8 ಗ್ರಾಮೂ ಇರಲಿ. 20 ಗ್ರಾಮಿನ ಬಾಣ ಹೂಡಿದರೆ ಶಕ್ತಿಯು 20ಕ್ಕೆ 8ರ ಪ್ರಮಾಣದಲ್ಲಿ ಹಂಚಿಹೋಗಿ, ಬಿಲ್ಲಿನಲ್ಲಿ 14 ಜೂಲ್‌ಗೂ ಮಿಕ್ಕಿ ಉಳಿಯುತ್ತದೆ. 32 ಗ್ರಾಮಿನ ಬಾಣಕ್ಕೆ ಉಳಿಕೆ ಕೇವಲ 10 ಜೂಲ್. ವೇಗವು ಸೆಕೆಂಡಿಗೆ 60ರಿಂದ 50 ಮೀಟರಿಗೆ ಇಳಿಯುವುದೇನೋ ನಿಜ; ಆದರೆ ಬಾಣದ ಚಲನಶಕ್ತಿಯೂ ಸಂವೇಗವೂ ಏರುತ್ತವೆ, ಗದ್ದಲಕ್ಕೆ ದೊರೆಯುವ ಶಕ್ತಿ ಮೂರರಲ್ಲೊಂದು ಪಾಲಿನಷ್ಟು ತಗ್ಗುತ್ತದೆ. ಬಿಲ್ಲನ್ನು ಮೌನಗೊಳಿಸಲು ಏನನ್ನೂ ಕಟ್ಟುವ ಮೊದಲು ಭಾರವಾದ ಬಾಣವನ್ನು ಆರಿಸಬೇಕೆಂಬುದು ಇದರಿಂದ ಸ್ಪಷ್ಟ. ಇದೇ ಲೆಕ್ಕದಲ್ಲಿ ಬಾಣದ ತೂಕವನ್ನು ಸೊನ್ನೆಯೆಂದಿಟ್ಟು ನೋಡಿರಿ: 50 ಜೂಲ್ ಪೂರ್ತಿ ಬಿಲ್ಲಿಗೇ ಮರಳುತ್ತದೆ. ಬರಿಯ ಹೆದೆಯನ್ನು ಎಳೆದು ಬಿಟ್ಟರೆ ತೋಳುಗಳು ಸೀಳಿಹೋಗುವುದು ಇದರಿಂದಲೇ. ಆಟಕ್ಕೂ ಹಾಗೆ ಮಾಡಕೂಡದು.

ಮರುಬಾಗಿದ ಬಿಲ್ಲಿಗೆ ಮಾತ್ರ ಅಂಟಿದ ಒಂದು ದೋಷವುಂಟು. ಹೆದೆಯ ಎರಡು ಕೊನೆಗಳೂ ತೋಳಿನ ಬಾಗಿನ ಮೇಲೆ ಕೆಲವು ಅಂಗುಲ ಒರಗಿರುತ್ತವೆ. ಎಳೆದಾಗ ಅವು ಮೇಲೆದ್ದು, ಬಿಟ್ಟಾಗ ಚಾವಟಿಯಂತೆ ಬಂದು ಬಡಿಯುತ್ತವೆ. ಆ ಜಾಗಕ್ಕೆ ತೆಳುವಾದ ಬನಾತಿನ ಅಥವಾ ಮೆತ್ತನೆಯ ತೊಗಲಿನ ಪಟ್ಟಿ ಅಂಟಿಸಿದರೆ ಪೆಟ್ಟು ಮೃದುವಾಗುತ್ತದೆ. ಹಿಡಿಗೂ ಹೆದೆಗೂ ನಡುವಣ ಅಂತರವನ್ನೂ ಗಮನಿಸಬೇಕು. ಸಾಮಾನ್ಯವಾಗಿ ಇದು 19ರಿಂದ 22 ಸೆಂಟಿಮೀಟರು. ಅಂತರ ತೀರ ಕಡಮೆಯಾದರೆ ಬಡಿತ ಜೋರು. ಹೆದೆಯನ್ನು ಕಳಚಿ ಇನ್ನೂ ಕೆಲವು ಸುತ್ತು ಹುರಿಗೊಳಿಸಿದರೆ ಅದು ಗಿಡ್ಡವಾಗಿ ಅಂತರ ಹೆಚ್ಚುತ್ತದೆ. ಹೀಗೆ ನಾಲ್ಕಾರು ಸುತ್ತಿಗೊಮ್ಮೆ ಬಾಣಬಿಟ್ಟು ಕೇಳುತ್ತ ಹೋದರೆ ಸದ್ದು ಅತ್ಯಂತ ಕಡಮೆಯಾಗುವ ನೆಲೆ ಸಿಕ್ಕುತ್ತದೆ. ತಯಾರಕರು ಹೇಳಿದ ಮಿತಿಯನ್ನು ಮಾತ್ರ ಮೀರಬಾರದು.

ಇನ್ನು ಹೆದೆಯ ಗುಂಯ್‌ಗುಟ್ಟುವಿಕೆ. ಇಲ್ಲಿ ತಂಬೂರಿಯೇ ನಮಗೆ ಗುರು. ಷಡ್ಜದ ತಂತಿಯನ್ನು ಮೀಟಿ, ಅದರ ಸರಿನಡುವೆ ಬೆರಳನ್ನು ಹಗುರವಾಗಿ ತಾಕಿಸಿ ತೆಗೆಯಿರಿ. ಮೂಲಸ್ವರ ಅಡಗುತ್ತದೆ, ಮೇಲಿನ ಸ್ಥಾಯಿಯ ಷಡ್ಜ ಮಾತ್ರ ಉಳಿಯುತ್ತದೆ. ತಂತಿ ಎರಡು ಭಾಗವಾಗಿ ಕಂಪಿಸುವಾಗ ನಡುಬಿಂದು ಅಲುಗುವುದೇ ಇಲ್ಲ. ಅಲುಗದ ಆ ನಿಸ್ಪಂದದಲ್ಲಿ ಬೆರಳಿಟ್ಟರೆ ಆ ಸ್ವರಕ್ಕೆ ಬಾಧೆಯಿಲ್ಲ. ಹೆದೆಗೆ ಕಟ್ಟುವ ಉಣ್ಣೆಯ ಅಥವಾ ರಬ್ಬರ್ ಎಳೆಗಳ ಕುಚ್ಚು ಇದೇ ಬೆರಳಿನ ಕೆಲಸ ಮಾಡುತ್ತದೆ: ಎಳೆಗಳು ತಮ್ಮತಮ್ಮಲ್ಲೂ ಗಾಳಿಯೊಡನೆಯೂ ಉಜ್ಜಾಡಿ ಕಂಪನಶಕ್ತಿಯನ್ನು ಶಾಖವಾಗಿ ಮಾರ್ಪಡಿಸುತ್ತವೆ. ಹೆದೆಯ ನಡುವೆ ಬಾಣ ಹೂಡಬೇಕಾದ್ದರಿಂದ ಕುಚ್ಚಿಗೆ ಅಲ್ಲಿ ಎಡೆಯಿಲ್ಲ. ಅತಿವೇಗದಲ್ಲಿ ಚಲಿಸುವ ಆ ಭಾಗಕ್ಕೆ ತೂಕ ಸೇರಿಸಿದರೆ ಬಾಣದ ವೇಗವೂ ಕುಂದುತ್ತದೆ. ಆದಕಾರಣ ಒಂದನ್ನು ಒಂದು ಕೊನೆಯಿಂದ ಕಾಲು ಭಾಗದಲ್ಲಿ, ಇನ್ನೊಂದನ್ನು ಮತ್ತೊಂದು ಕೊನೆಯಿಂದ ಮೂರನೆಯ ಒಂದು ಭಾಗದಲ್ಲಿ ಕಟ್ಟುವರು. 140 ಸೆಂಟಿಮೀಟರು ಹೆದೆಗೆ ಇವು 35 ಮತ್ತು 47 ಸೆಂಟಿಮೀಟರು. ಎರಡೂ ಸಮದೂರದಲ್ಲಿ ಏಕಿರಬಾರದು? ಹೆದೆ ನಾಲ್ಕು ಭಾಗವಾಗಿ ಕಂಪಿಸುವಾಗ ಮೊದಲನೆಯ ಕುಚ್ಚು ನಿಸ್ಪಂದದಲ್ಲಿ ಸಿಕ್ಕಿ ನಿಷ್ಪ್ರಯೋಜಕವಾಗುತ್ತದೆ, ಆಗ ಎರಡನೆಯದು ದುಡಿಯುತ್ತದೆ. ಮೂರು ಭಾಗವಾಗಿ ಕಂಪಿಸುವಾಗ ಸರದಿ ತಿರುಗುಮುರುಗು.

ಸಣ್ಣಪುಟ್ಟ ಸದ್ದುಗಳೂ ಉಂಟು. ಬಾಣ ಒರಗುವ ಕಡೆ ಬರಿಯ ಮರವಿದ್ದರೆ ಎಳೆಯುವಾಗಲೇ ಕಿರುಗುಟ್ಟುತ್ತದೆ. ಸಡಿಲವಾದ ಬತ್ತಳಿಕೆ ಗಲಗಲಿಸುತ್ತದೆ. ಜಿಂಕೆಗೆ ನಮ್ಮ ಕಿವಿಗೆ ಎಟುಕದ ಎತ್ತರದ ಧ್ವನಿಗಳೂ ಕೇಳುವುದರಿಂದ ಇಂಥ ಕಿರುದನಿಗಳನ್ನು ಅಲಕ್ಷಿಸಲಾಗದು.

ಪರೀಕ್ಷೆಗೆ ಬಿಲ್ಲುಗಾರನ ಕಿವಿ ಸಾಲದು. ಹೆದೆ ಅವನ ಕೆನ್ನೆಯ ಬಳಿಯಲ್ಲೇ ಇರುತ್ತದೆ. ಇನ್ನೊಬ್ಬನು ಹದಿನೈದಿಪ್ಪತ್ತು ಮೀಟರು ದೂರದಲ್ಲಿ, ಬಾಣದ ದಾರಿಯಿಂದ ಚೆನ್ನಾಗಿ ಪಕ್ಕಕ್ಕೆ, ದಪ್ಪ ಮರದ ಮರೆಯಲ್ಲಿ ನಿಂತು ಕೇಳಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಅದೇ ಬಾಣವನ್ನು ಮತ್ತೆ ಬಿಡಬೇಕು.