ಕಾಫಿಯ ನೆಂಟ ಕೇಪಳ



ನಮ್ಮ ಕಡೆ ಅಂಗಳದಲ್ಲಿ ಕೇಪಳವಿಲ್ಲದ ಮನೆ ವಿರಳ. ಕೆಲವರು ಇದನ್ನೇ ಕಿಸ್ಕಾರ ಎನ್ನುವುದುಂಟು. ಕೇಪಳವೂ ಕಾಫಿಯೂ ರೂಬಿಯೇಸೀ ಎಂಬ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಈ ನೆಂಟಸ್ತಿಕೆಯನ್ನು ನೆನಪಿನಲ್ಲಿಟ್ಟರೆ ಅದರ ಆರೈಕೆ ಅರ್ಧ ಕಲಿತಂತೆ.

ನಾಟಿ: ಮುಂಗಾರು ಹಿಡಿದೊಡನೆ ಅರೆಬಲಿತ ರೆಂಬೆಯಿಂದ ಗೇಣುದ್ದದ ಕಡ್ಡಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ಊರಿ ನೆರಳಿನಲ್ಲಿಡಿ. ಬೇರು ಬಿಟ್ಟ ಮೇಲೆ ಬಿಸಿಲು ಬೀಳುವ, ನೀರು ನಿಲ್ಲದ ಜಾಗದಲ್ಲಿ ನೆಡಿ.

ಮಣ್ಣು: ಹುಳಿ ಮಣ್ಣು ಇದಕ್ಕೆ ಹಿತ. ತೋಟಕ್ಕೆ ತರಿಸಿದ ಸುಣ್ಣವನ್ನು ನಾವೊಮ್ಮೆ ಕೇಪಳದ ಬುಡದಲ್ಲೇ ರಾಶಿ ಹಾಕಿಸಿದ್ದೆವು. ಮಳೆಗಾಲ ಕಳೆಯುವಷ್ಟರಲ್ಲಿ ಎಳೆಯ ಎಲೆಗಳು ಹಳದಿಯಾಗಿ ನರ ಮಾತ್ರ ಹಸಿರುಳಿಯಿತು. ಇದು ಕಬ್ಬಿಣದ ಕೊರತೆಯ ಗುರುತು. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಸುಣ್ಣ ಹೆಚ್ಚಾದಲ್ಲಿ ಬೇರಿಗೆ ದಕ್ಕದು. ಸಿಮೆಂಟು ಗೋಡೆಯ ಬದಿಯಲ್ಲೂ ಹೀಗಾಗುವುದುಂಟು. ಎಲೆಗೊಬ್ಬರವೇ ಇದಕ್ಕೆ ಒಳ್ಳೆಯ ಆಹಾರ.

ಸವರುವುದು: ಗೊಂಚಲು ಬರುವುದು ಚಿಗುರಿನ ತುದಿಯಲ್ಲಿ. ಆದ್ದರಿಂದ ಹೂ ಮುಗಿದ ಮೇಲೆಯೇ ಸವರಬೇಕು.

ಕೀಟ: ಮುಖ್ಯವಾದ ಮಾತು ಇದೇ. ಕಾಫಿಯನ್ನು ಕಾಡುವ ಹಸಿರು ಶಲ್ಕ ಕೀಟ ಕೇಪಳದ ಮೇಲೂ ಬದುಕುತ್ತದೆ. ಎಲೆಯ ಮೇಲೆ ಕಪ್ಪು ಮಸಿ, ಕಾಂಡದಲ್ಲಿ ಇರುವೆಯ ಸಾಲು ಕಂಡರೆ ಎಲೆ ಮಗುಚಿ ನೋಡಿ. ಕೀಟ ಹತ್ತಿದ ರೆಂಬೆಗಳನ್ನು ಕತ್ತರಿಸಿ ಸುಟ್ಟುಬಿಡಿ. ಇರುವೆ ಹತ್ತದಂತೆ ನೋಡಿಕೊಳ್ಳಿ. ಮನೆಯ ಪಕ್ಕದಲ್ಲೇ ಕಾಫಿ ನರ್ಸರಿ ಮಾಡಿರುವ ಸದಸ್ಯರು ವಾರಕ್ಕೊಮ್ಮೆಯಾದರೂ ಪರೀಕ್ಷಿಸಬೇಕೆಂದು ನಮ್ಮ ವಿನಂತಿ. ಅಂಗಳದ ಅಂದ ತೋಟಕ್ಕೆ ಕೇಡಾಗಬಾರದಷ್ಟೆ.