ವಿಮಾನ ಎಷ್ಟು ಹೊತ್ತು ಹಾರುತ್ತದೆ? ನೀವೇ ಲೆಕ್ಕ ಹಾಕಿ

ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನ ಗಡಿಯಾರದ್ದು, ತಲುಪುವ ಸಮಯ ತಲುಪುವ ಊರಿನದ್ದು. ಎರಡನ್ನೂ ಹಾಗೇ ಕಳೆದರೆ ಲೆಕ್ಕ ಕೆಡುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ಹಾದಿಯನ್ನೇ ಹಿಡಿದು ನೋಡೋಣ.

ಮೊದಲು ದೂರ. ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಡಬೇಡಿ. ಚಪ್ಪಟೆ ನಕ್ಷೆ ಧ್ರುವದ ಕಡೆಯ ಜಾಗವನ್ನು ಹಿಗ್ಗಿಸಿ ತೋರಿಸುತ್ತದೆ. ಮಕ್ಕಳ ಗ್ಲೋಬ್ ಇದ್ದರೆ ಎರಡೂ ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆಯಿರಿ. ಅದು ಪೆಸಿಫಿಕ್ ಸಾಗರವನ್ನು ಅಡ್ಡ ಹಾಯದೆ ಅಲಾಸ್ಕಾ, ಸೈಬೀರಿಯಾಗಳತ್ತ ಏರಿ ಕೆಳಗಿಳಿಯುತ್ತದೆ. ಅದೇ ಅತಿ ಹತ್ತಿರದ ದಾರಿ. ಈಗ ಆ ದಾರವನ್ನು ಭೂಮಧ್ಯರೇಖೆಯ ಮೇಲಿಟ್ಟು ಎಷ್ಟು ಡಿಗ್ರಿ ಎಂದು ಎಣಿಸಿ: ಸುಮಾರು 126. ಒಂದು ಡಿಗ್ರಿಗೆ 111 ಕಿ.ಮೀ.ನಂತೆ ಹೆಚ್ಚುಕಡಿಮೆ 14,000 ಕಿ.ಮೀ. ಜಾಲತಾಣದ ಲೆಕ್ಕಾಚಾರವನ್ನೇ ನಂಬುವವರು ಅಂಕಿ ಕಿಲೋಮೀಟರಿನದೋ ನಾಟಿಕಲ್ ಮೈಲಿಯದೋ ನೋಡಿಕೊಳ್ಳಿ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ.

ಇನ್ನು ಸಮಯ. ದೊಡ್ಡ ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಭಾಗಿಸಿದರೆ ಹದಿನೈದೂವರೆ ಗಂಟೆ. ರನ್‌ವೇವರೆಗಿನ ಓಡಾಟ, ಏರುವುದು, ಇಳಿಯುವುದಕ್ಕೆ ಅರ್ಧ ಮುಕ್ಕಾಲು ಗಂಟೆ ಸೇರಿಸಿ. ಆದರೂ ಇದು ಅಂದಾಜು ಮಾತ್ರ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿಯಿಂದಾಗಿ ಹೋಗುವ ಸಮಯವೂ ಬರುವ ಸಮಯವೂ ಒಂದೇ ಇರುವುದಿಲ್ಲ. ಯಾವುದಾದರೂ ದೇಶ ತನ್ನ ಆಕಾಶ ಮುಚ್ಚಿದರೆ ಸುತ್ತು ಹಾಕಬೇಕು. ಟಿಬೆಟ್ ಪ್ರಸ್ಥಭೂಮಿಯ ಮೇಲೆ ಯಾರೂ ಸುಮ್ಮನೆ ಹಾರುವುದಿಲ್ಲ. ಕ್ಯಾಬಿನ್ನಿನ ಗಾಳಿಯೊತ್ತಡ ಕುಸಿದರೆ ತುರ್ತಾಗಿ ಕೆಳಗಿಳಿಯಲು ಅಲ್ಲಿ ಜಾಗವೇ ಇಲ್ಲ.

ನಿಜವಾದ ಉತ್ತರ ವೇಳಾಪಟ್ಟಿಯಲ್ಲಿದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ಹಾರಿಸಿಕೊಂಡು ಬಂದ ಮೊದಲ ನೇರ ವಿಮಾನದ ವೇಳಾಪಟ್ಟಿ ಹೀಗಿತ್ತು: 9ರ ರಾತ್ರಿ 8.30ಕ್ಕೆ ಹೊರಟು 11ರ ಬೆಳಗಿನ ಜಾವ 3.45ಕ್ಕೆ ಇಳಿಯುವುದು. ಸುಮ್ಮನೆ ಕಳೆದರೆ 31 ಗಂಟೆ ಕಾಲು! ಜನವರಿಯಲ್ಲಿ ಭಾರತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಹೊರಟ ಹೊತ್ತಿಗೆ ನಮ್ಮಲ್ಲಿ 10ರ ಬೆಳಿಗ್ಗೆ ಹತ್ತು. ಅಲ್ಲಿಂದ ಎಣಿಸಿದರೆ ಹದಿನೇಳೂ ಮುಕ್ಕಾಲು ಗಂಟೆ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಅಮೆರಿಕದ ಗಡಿಯಾರ ಒಂದು ಗಂಟೆ ಮುಂದೆ ಹೋಗುವುದರಿಂದ ಈ ಅಂತರ ಹನ್ನೆರಡೂವರೆಗೆ ಇಳಿಯುತ್ತದೆ.

ದುಬೈ ಮೂಲಕ ಬರುವವರು ಎರಡೂ ಹಾರಾಟಗಳ ದೂರ ಕೂಡಿಸಬೇಕು: ಸುಮಾರು 13,000 ಮತ್ತು 2,700 ಕಿ.ಮೀ. ವಯಸ್ಸಾದವರಿಗಾದರೆ ಈ ಕಿಲೋಮೀಟರುಗಳಿಗಿಂತ ನಡುವೆ ಕಾಯುವ ಗಂಟೆಗಳೇ ಮುಖ್ಯ. ತೀರಾ ಕಡಿಮೆಯಾದರೆ ಓಡಬೇಕು, ಹೆಚ್ಚಾದರೆ ಕುರ್ಚಿಯಲ್ಲೇ ರಾತ್ರಿ ಕಳೆಯಬೇಕು. ಎರಡು ಮೂರು ಗಂಟೆ ಇರುವ ಟಿಕೆಟ್ ಒಳ್ಳೆಯದು, ದುಡ್ಡು ಸ್ವಲ್ಪ ಜಾಸ್ತಿಯಾದರೂ.

ಕರೆತರಲು ಹೋಗುವವರು ತಾರೀಖನ್ನು ಇನ್ನೊಮ್ಮೆ ನೋಡಿಕೊಳ್ಳಿ. 11ರ ಸೋಮವಾರ ಬೆಳಗಿನ ಜಾವ 3.45 ಎಂದರೆ ಹಾಸನದಿಂದ ಬರುವ ಟ್ಯಾಕ್ಸಿ ಭಾನುವಾರ ರಾತ್ರಿಯೇ ಹೊರಡಬೇಕು.